ಕೆರೆಯ ತೂಬಿಗೆ ಬಂದ ವಿದೇಶಿ ನೋಟೀಸು

ಕೈಗಾರಿಕಾ ವಿಸ್ತರಣಾಧಿಕಾರಿ ಅಂತ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಮನೆಗೆ ಬಂದಿದ್ದಳು. ‘ಮೇಡಮ್, ಈ ಕೆಲಸದಲ್ಲಿ ಮುಖ್ಯವಾಗಿ ಏನು ನೋಡ್ಕೋಬೇಕು?’ ಅಂತ ಕೇಳಿದಳು. ಕಾಫಿ ಕೊಟ್ಟು, ‘ಗುದ್ದಲಿ ಪೂಜೆಯಲ್ಲಿ ಯಾರು ಏನು ಭಾಷಣ ಮಾಡ್ತಾರೆ ಅಂತ ನೋಡ್ಕೋಮ್ಮ’ ಅಂದೆ. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು, ನಕ್ಕಳು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳಂಥವರು ಇನ್ನೂ ಬರುತ್ತಾರೆ, ಅವರಿಗಾಗಿಯೂ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಅನ್ನುವುದೆಲ್ಲ ಇದರಲ್ಲಿ ಇಲ್ಲ. ಅದನ್ನು ಕೇಳಿ ಕೇಳಿ ನನ್ನ ಯಜಮಾನರಿಗೇ ಸಾಕಾಗಿದೆ.

ನಾನು ಅದೇ ಕೆಲಸದಲ್ಲಿ ಹುಣಸೂರಿನಲ್ಲಿ ಕೂತು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕನ್ನೂ ನೋಡಿಕೊಂಡವಳು. ಒಂದೊಂದು ತಾಲ್ಲೂಕಿಗೆ ಒಬ್ಬೊಬ್ಬ ಅಧಿಕಾರಿ ಇರಬೇಕಿತ್ತು. ಇರಲಿಲ್ಲ. ಕೆ.ಆರ್. ನಗರದ ಅಕ್ಕಿ ಗಿರಣಿ, ಹುಣಸೂರಿನ ಮರ ಕೊಯ್ಯುವ ಮಿಲ್ಲು, ಪಿರಿಯಾಪಟ್ಟಣದ ಬುಟ್ಟಿ ಹೆಣೆಯುವವರು, ಬೀಚನಹಳ್ಳಿ ಕಡೆ ಐಸ್ ಫ್ಯಾಕ್ಟರಿ ಹಾಕುತ್ತೇನೆ ಅಂತ ಸಾಲ ಎತ್ತಿ ಮನೆ ಕಟ್ಟಿಕೊಂಡ ಮಹಾನುಭಾವ, ಎಲ್ಲರೂ ನನ್ನ ಪಾಲಿಗೇ ಬರುತ್ತಿದ್ದರು. ಜೀಪು ಇರಲಿಲ್ಲ. ಮಡಿಕೇರಿ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದು, ಮಿಕ್ಕದ್ದನ್ನು ಟೆಂಪೋದಲ್ಲಿ, ಅದೂ ಸಿಗದಿದ್ದರೆ ನಡೆದು ಹೋಗುತ್ತಿದ್ದೆ. ಗಿರಣಿಯ ಬಾಗಿಲಲ್ಲಿ ನಿಂತರೆ ಮಾಲೀಕ ನನ್ನ ಹಿಂದೆ ಇಣುಕಿ ನೋಡಿ ‘ಸಾಹೇಬ್ರು ಬರ್ನಿಲ್ವ?’ ಅಂತ ಕೇಳುತ್ತಿದ್ದ. ‘ನಾನೇ ಸಾಹೇಬ್ರು’ ಅಂತ ಹೇಳಿ ಹೇಳಿ ಮೊದಲೆರಡು ವರ್ಷ ಕಳೆಯಿತು.

ಆ ಕಾಲದಲ್ಲಿ ನಮಗೆ ಒಂದು ಅಧಿಕಾರ ಇತ್ತು, ಅದನ್ನು ಹೇಳಬೇಕು. ದೊಡ್ಡ ಕಾರ್ಖಾನೆ ಯಾವುದಾದರೂ ತಾಲ್ಲೂಕಿಗೆ ಬಂದರೆ, ಅದಕ್ಕೆ ರಿಯಾಯಿತಿ ಕೊಡುವ ಮುಂಚೆ ಷರತ್ತು ಹಾಕಬಹುದಿತ್ತು. ಇಲ್ಲಿಯ ಜನಕ್ಕೆ ಕೆಲಸ ಕೊಡು, ಇಲ್ಲಿ ಸಿಗುವ ಸಾಮಾನನ್ನು ಇಲ್ಲೇ ಕೊಂಡುಕೋ ಅಂತ. ಪಿರಿಯಾಪಟ್ಟಣದ ಕಡೆ ಒಂದು ಹಣ್ಣಿನ ರಸದ ಕಾರ್ಖಾನೆ ಬಂದಾಗ, ಹಣ್ಣು ತುಂಬುವ ಬುಟ್ಟಿಯನ್ನು ತಾಲ್ಲೂಕಿನ ಮೇದಾರರಿಂದಲೇ ಕೊಳ್ಳಬೇಕು ಅಂತ ಷರತ್ತು ಹಾಕಿಸಿದ್ದು ನಾನು. ಚೆಲುವಯ್ಯ ಅನ್ನುವ ಮೇದಾರ ಅದರಿಂದ ತನ್ನ ಕೇರಿಯಲ್ಲಿ ಒಂದು ಶೆಡ್ಡು ಹಾಕಿ, ನಾಲ್ಕು ಮನೆಯವರನ್ನು ಸೇರಿಸಿಕೊಂಡು ಬುಟ್ಟಿ ಹೆಣೆಸುತ್ತಿದ್ದ. ಆ ಶೆಡ್ಡಿಗೆ ಹೋದಾಗಲೆಲ್ಲ ನನಗೆ ಸಂಬಳ ತಗೊಂಡಿದ್ದಕ್ಕೆ ಏನೋ ಮಾಡಿದೆ ಅನ್ನಿಸುತ್ತಿತ್ತು.

ಆಮೇಲೆ ಕಾರ್ಖಾನೆಗೆ ಹೊರದೇಶದ ಪಾಲುದಾರರು ಬಂದರು. ಅದೇ ಸುಮಾರಿಗೆ ಮೈಸೂರಿನಿಂದ ನಮ್ಮ ಜಂಟಿ ನಿರ್ದೇಶಕರು ಎಲ್ಲರನ್ನೂ ಕರೆಸಿ ಪಾಠ ಮಾಡಿದರು. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ದೇಶ ಸಹಿ ಹಾಕಿದೆ, ಇನ್ನು ಮುಂದೆ ‘ಸ್ಥಳೀಯವಾಗಿ ಕೊಳ್ಳಬೇಕು’ ಅಂತ ಯಾರಿಗೂ ಷರತ್ತು ಹಾಕುವ ಹಾಗಿಲ್ಲ, ಇರುವುದನ್ನೂ ತೆಗೆಯಬೇಕು ಅಂದರು.

‘ಸರ್, ನಮ್ಮ ತಾಲ್ಲೂಕಲ್ಲಿ ನಮ್ಮ ಬುಟ್ಟಿ ತಗೊಳ್ಳಿ ಅಂತ ಹೇಳೋದು ತಪ್ಪಾ?’ ಅಂತ ಕೇಳಿದೆ.

‘ಬಾಯಲ್ಲಿ ಬೇಕಾದ್ರೆ ಹೇಳ್ರೀ. ಬರೆದು ಹಾಕಬೇಡಿ’ ಅಂದರು.

ಬಾಯಲ್ಲಿ ಹೇಳಿದೆ. ಕಾರ್ಖಾನೆಯವರು ನಗುನಗುತ್ತಾ ಕೇಳಿಸಿಕೊಂಡು ಪ್ಲಾಸ್ಟಿಕ್ ಕ್ರೇಟು ತರಿಸಿದರು. ಚೆಲುವಯ್ಯ ಒಂದು ಬುಟ್ಟಿ ಹಿಡಿದುಕೊಂಡು ನನ್ನ ಕಚೇರಿಗೆ ಬಂದ. ‘ಎಣಿಗೆ ಸರೀಗಿಲ್ದಿದ್ರೆ ಯೋಳಿ ಮೇಡಮ್ನೋರೆ, ಬಿಚ್ಚಿ ಇನ್ನೊಂದ್ಸಲ ಎಣೀತೀನಿ’ ಅಂದ. ಹೆಣಿಗೆ ಸರಿಯಾಗಿಯೇ ಇತ್ತು. ಅವನಿಗೆ ನಾನು ಏನಂತ ಹೇಳಲಿ? ನಿನ್ನ ಬುಟ್ಟಿ ಬೇಡ ಅಂತ ಹೇಳಿದವರು ನಿನ್ನ ಬುಟ್ಟಿಯನ್ನೇ ನೋಡಿಲ್ಲ, ಪಿರಿಯಾಪಟ್ಟಣ ಎಲ್ಲಿದೆ ಅಂತಲೂ ಅವರಿಗೆ ಗೊತ್ತಿಲ್ಲ ಅಂತ ಹೇಳಿದೆ. ‘ಅಂಗಾರೆ ಅವ್ರ್ಗೊಂದ್ ಬುಟ್ಟಿ ಕಳ್ಸಣ’ ಅಂದ. ಆ ಕೇರಿಯಲ್ಲಿ ಈಗ ಯಾರೂ ಹೆಣೆಯುವುದಿಲ್ಲ.

ಇದು ನನಗೆ ಬಿದ್ದ ಮೊದಲ ಪೆಟ್ಟು. ಇನ್ನೊಂದು ಇದಕ್ಕಿಂತ ಜೋರಾಗಿ ಬಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕಟ್ಟೆಮಳಲವಾಡಿಯಿಂದ ಒಳಗೆ ಹೋದರೆ ಸಿಗುವ ಒಂದು ಊರು. ಹೆಸರು ಬರೆಯುವುದಿಲ್ಲ, ಆ ಜನ ಇನ್ನೂ ಅಲ್ಲೇ ಬಾಳುತ್ತಿದ್ದಾರೆ. ಊರಿಗೆ ಒಂದು ಕೆರೆ, ಕೆರೆಯ ಕೆಳಗೆ ಗದ್ದೆ. ಕೆರೆ ಪಂಚಾಯ್ತಿಯದು. ಅದರ ಪಕ್ಕದ ಹೊಲಗಳನ್ನು ಕೊಂಡು, ಯುರೋಪಿನ ಒಂದು ಕಂಪನಿ ಮಿಡಿಸೌತೆ ಕಾರ್ಖಾನೆ ಹಾಕಿತು. ಎಳೆ ಸೌತೆಯನ್ನು ತೊಳೆದು, ಗಾತ್ರ ನೋಡಿ ಬೇರೆ ಮಾಡಿ, ವಿನಿಗರ್ ಹಾಕಿ, ಡ್ರಮ್ಮಿನಲ್ಲಿ ತುಂಬಿ ಹಡಗಿಗೆ ಕಳಿಸುವ ಕೆಲಸ. ತೊಳೆಯಬೇಕಲ್ಲ, ನೀರು ಬೇಕು. ಅದಕ್ಕೇ ಕೆರೆ ಪಕ್ಕ ಜಾಗ ಹಿಡಿದದ್ದು.

ಪಂಚಾಯ್ತಿ ಅಧ್ಯಕ್ಷರು ಶಿವಮಲ್ಲಪ್ಪ. ಹಣೆ ತುಂಬ ವಿಭೂತಿ, ಹೆಗಲಿಗೆ ಟವಲ್ಲು, ದೊಡ್ಡ ದನಿ. ಅವರ ಮನೆ ಮುಂದೆ ಹಾದು ಹೋದವರು ಯಾರೂ ಏನೂ ತಿನ್ನದೆ ಮುಂದೆ ಹೋದದ್ದಿಲ್ಲ. ನಾನು ಸರ್ವೆಗೆ ಹೋದಾಗೊಮ್ಮೆ ‘ಊಟ ಆಯ್ತು ಯಜಮಾನ್ರೇ’ ಅಂತ ಸುಳ್ಳು ಹೇಳಿದ್ದಕ್ಕೆ, ‘ಎಲ್ಲಾಯ್ತು, ಯಾರ್ ಮನೇಲಿ, ಏನ್ ಸಾರು?’ ಅಂತ ಪಾಟೀ ಸವಾಲು ಹಾಕಿ ಕೂರಿಸಿ ಮುದ್ದೆ ಉಣ್ಣಿಸಿದ್ದರು. ಅಂಥ ಮನುಷ್ಯ.

ಗುದ್ದಲಿ ಪೂಜೆಯ ದಿನ ಶಾಮಿಯಾನ ಹಾಕಿ, ಕಂಪನಿಯ ದೊಡ್ಡ ಡೈರೆಕ್ಟರನ್ನು ವೇದಿಕೆಯಲ್ಲಿ ಕೂರಿಸಿ, ಹಾರ ಹಾಕಿ, ಮೈಸೂರು ಪೇಟ ತೊಡಿಸಿದರು. ಕಂಪನಿಯವರೇ ವಿಡಿಯೋ ಮಾಡಿಸಿದರು. ಶಿವಮಲ್ಲಪ್ಪ ಮೈಕಿನ ಮುಂದೆ ನಿಂತರು.

‘ಸ್ವಾಮೀ, ತಾವು ಸಮುದ್ರ ದಾಟಿ ನಮ್ಮ ಬಾಗ್ಲಿಗೆ ಬಂದಿದ್ದೀರಿ. ಇದು ನಮ್ಮೂರು ಅಲ್ಲ, ನಿಮ್ಮೂರು ಅಂದ್ಕಳಿ. ಈ ಕೆರೆ ನಿಮ್ದು. ನೀರ್ಗೆ ನಿಮ್ಗೆ ಯಾವತ್ತೂ ಕೊರತೆ ಆಗಾಕೆ ಬುಡಾಕಿಲ್ಲ. ನಾವ್ ಉಪಾಸ ಇದ್ರೂ ಬಂದೋರ್ಗೆ ಉಣ್ಣಾಕಿಕ್ಕಾ ಜನ ನಾವು’ ಅಂದರು.

ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಕಂಪನಿಯ ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಡೈರೆಕ್ಟರ್ ಎದ್ದು ನಿಂತು, ಊರಿನ ಪ್ರತಿ ಮನೆಗೂ ಒಂದು ಕಾಯಂ ಕೆಲಸ, ಊರಿಗೊಂದು ಆಸ್ಪತ್ರೆ, ಇದು ನನ್ನ ಮಾತು ಅಂದ. ಅದಕ್ಕೆ ಇನ್ನೂ ಜೋರು ಚಪ್ಪಾಳೆ ಬಿತ್ತು.

ಈ ಕಡೆ ಬದುಕಿದವರಿಗೆ ಗೊತ್ತು. ಬಂದವರಿಗೆ ‘ಈ ಮನೆ ನಿಮ್ದೇ’ ಅನ್ನುತ್ತೇವೆ, ಅಂದ ಮಾತ್ರಕ್ಕೆ ಯಾರೂ ಹೋಗಿ ಖಾತೆ ಬದಲಾಯಿಸಿಕೊಳ್ಳುವುದಿಲ್ಲ. ‘ಇನ್ನೊಂದ್ ಎರಡು ದಿನ ಇದ್ದು ಹೋಗಿ’ ಅನ್ನುತ್ತೇವೆ, ಬಂದವರು ಹೊರಟೇ ಹೋಗುತ್ತಾರೆ, ಯಾರಿಗೂ ಬೇಜಾರಿಲ್ಲ. ಬಾಗಿಲಿಗೆ ಬಂದವರ ಮುಂದೆ ಇರುವುದು ಇಲ್ಲದ್ದು ಲೆಕ್ಕ ಹಾಕಿ ಮಾತಾಡುವುದು ಇಲ್ಲಿ ಮರ್ಯಾದೆಯಲ್ಲ. ಶಿವಮಲ್ಲಪ್ಪ ಮರ್ಯಾದೆಯಿಂದ ಮಾತಾಡಿದರು, ಅಷ್ಟೆ.

ಆ ಕೆರೆಗೆ ಒಂದು ಕಟ್ಟುಪಾಡು ಇತ್ತು. ಗದ್ದೆಗೆ ನೀರು ಬಿಡುವ ತೂಬಿನ ಕಲ್ಲುಕಂಬದ ಮೇಲೆ ಒಂದು ಬಸವನನ್ನು ಕೆತ್ತಿದ್ದಾರೆ. ನೀರು ಇಳಿದು ಬಸವನ ಕಾಲು ಕಂಡರೆ ತೂಬು ಮುಚ್ಚಬೇಕು. ಅಲ್ಲಿಂದ ಮುಂದೆ ಯಾರಿಗೂ ನೀರಿಲ್ಲ, ಅಧ್ಯಕ್ಷರ ಗದ್ದೆಗೂ ಇಲ್ಲ. ಉಳಿದ ನೀರು ದನಕರುಗಳಿಗೆ ಮತ್ತು ಒಟ್ಲಿಗೆ ಮಾತ್ರ. ಒಟ್ಲು ಅಂದರೆ ಭತ್ತದ ಸಸಿಮಡಿ. ಕೆರೆ ಕೆಳಗಿನ ಕಡೆಯ ಗದ್ದೆಗಳಿಗೆ ನೀರು ಮುಟ್ಟುವುದೇ ಕಷ್ಟ. ಆದ್ದರಿಂದ ಮಳೆ ಹಿಡಿಯುವ ಮುಂಚೆ ಆ ಗದ್ದೆಯವರು ಸಸಿ ಎಬ್ಬಿಸಿಕೊಳ್ಳಲಿ ಅಂತ ಕೊನೆಯ ನೀರನ್ನು ಅವರಿಗೆ ಕಾದಿಡುತ್ತಿದ್ದರು. ಆ ನೀರು ತಪ್ಪಿದರೆ ಆ ವರ್ಷ ಅವರ ಗದ್ದೆ ಬೀಳು.

ಮೊದಲ ಕೆಲವು ವರ್ಷ ಮಳೆ ಚೆನ್ನಾಗಿ ಆಯಿತು. ಬಸವನ ಕಾಲು ಯಾರಿಗೂ ಕಾಣಲಿಲ್ಲ. ಕೆರೆಯಿಂದ ನೀರೆತ್ತುವ ಕಂಪನಿಯ ಪಂಪು ನಡೆಯಿತು, ಗದ್ದೆಗೂ ನೀರಾಯಿತು. ಪ್ರತಿ ಮನೆಗೂ ಕೆಲಸ ಅಂದದ್ದು ಮಾತ್ರ ಬರಲಿಲ್ಲ. ಯಂತ್ರ ನೋಡಿಕೊಳ್ಳುವವರು ಹೊರಗಿನಿಂದ ಬಂದರು, ಊರಿನವರಿಗೆ ಸೀಸನ್ನಿನಲ್ಲಿ ಕಂಟ್ರಾಕ್ಟರನ ಕೈಕೆಳಗೆ ದಿನಗೂಲಿ ಸಿಕ್ಕಿತು. ಆಸ್ಪತ್ರೆಯ ಜಾಗದಲ್ಲಿ ಒಂದು ಬೋರ್ಡು ನೆಟ್ಟರು. ಊರಿನವರು ಯಾರ ಮೇಲೂ ಕೇಸು ಹಾಕಲಿಲ್ಲ. ‘ದೊಡ್ಡೋರು, ಏನೋ ತಾಪತ್ರಯ ಇರ್ತದೆ’ ಅಂದುಕೊಂಡು ಸುಮ್ಮನಿದ್ದರು.

ಒಂದು ವರ್ಷ ಮಳೆ ಕೈಕೊಟ್ಟಿತು. ಬೇಸಿಗೆಗೆ ಬಸವನ ಕಾಲು ಕಂಡಿತು. ಕಟ್ಟುಪಾಡಿನಂತೆ ತೂಬು ಮುಚ್ಚಿದರು. ಕಂಪನಿಯ ಪಂಪನ್ನೂ ನಿಲ್ಲಿಸಿ ಅಂದರು. ಮ್ಯಾನೇಜರು ಮೈಸೂರಿನವನೇ, ಮಿಡಿಸೌತೆ ಲಾರಿ ಬಂದು ನಿಂತಿದೆ ಅಂತ ಜಗಳಕ್ಕೆ ಬಂದ. ನನಗೆ ಫೋನು ಬಂತು, ಓಡಿದೆ. ಹೋಗುವಷ್ಟರಲ್ಲಿ ಕೆರೆ ಏರಿಯ ಮೇಲೆ ಜನ ಸೇರಿದ್ದರು, ಮ್ಯಾನೇಜರನ ಕಾರಿಗೆ ಒಬ್ಬ ಹೆಂಗಸು ಅಡ್ಡ ನಿಂತಿದ್ದಳು. ಮರಿದೇವಮ್ಮ. ಕೆರೆ ಕೆಳಗೆ ತೀರಾ ಕೊನೆಯ ಗದ್ದೆ ಅವಳದು. ಗಂಡ ಹುಣಸೂರಿನಲ್ಲಿ ತಂಬಾಕು ಹರಾಜಿನ ಕಡೆ ಮೂಟೆ ಹೊರುತ್ತಿದ್ದ. ಬೇಸಾಯ ಪೂರ್ತಿ ಅವಳ ಮೇಲೆ.

‘ಒಟ್ಲಿಗೆ ಬೀಜ ನೆನಾಕಿವ್ನಿ. ಈ ನೀರ್ನೂ ನೀವೇ ಎಳ್ಕಂಡ್ರೆ ನಾನೇನ್ ಬೀಜನ ಹುರ್ಕಂಡ್ ತಿನ್ಲಾ?’ ಅಂತ ಕೇಳುತ್ತಿದ್ದಳು.

ಮ್ಯಾನೇಜರು ನನ್ನ ಕಡೆ ತಿರುಗಿ, ‘ಮೇಡಮ್, ಇದು ಫಾರಿನ್ ಕಂಪನಿ. ಹೀಗೆಲ್ಲ ಮಾಡಿದರೆ ಚೆನ್ನಾಗಿರಲ್ಲ, ಹೇಳಿ ಇವರಿಗೆ’ ಅಂದ.

ಶಿವಮಲ್ಲಪ್ಪ ಮಧ್ಯೆ ಬಂದರು. ‘ನಂದೂ ಗದ್ದೆ ಒಣಗ್ತಾದೆ ಕಣಪ್ಪ, ನೋಡು ಬಾ ಬೇಕಾದ್ರೆ. ಬಸವನ ಕಾಲ್ ಕಂಡ್ಮೇಲೆ ನಮ್ಮಪ್ಪ ಬಂದ್ ಕೇಳುದ್ರೂ ನೀರ್ ಬುಡಾಕಿಲ್ಲ. ನಿಮ್ಮನ್ನ ಬ್ಯಾರೆ ಮಾಡಿಲ್ಲ, ಊರೋರ್ ಅಂಗೇ ನೋಡಿವ್ನಿ’ ಅಂದರು. ಮ್ಯಾನೇಜರಿಗೆ ಮಜ್ಜಿಗೆ ಕೊಡಿಸಿ ಕಳಿಸಿದರು. ಪಂಪು ನಿಂತಿತು, ಮರಿದೇವಮ್ಮನ ಒಟ್ಲು ಮೊಳೆಯಿತು. ನಾನು ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಬಸ್ಸು ಹತ್ತಿದೆ.

ಕೆಲವು ತಿಂಗಳಾದ ಮೇಲೆ ಜಂಟಿ ನಿರ್ದೇಶಕರ ಫೋನು. ‘ಯಾರ್ರೀ ಅದು ಶಿವಮಲ್ಲಪ್ಪ?’

‘ಪಂಚಾಯ್ತಿ ಅಧ್ಯಕ್ಷರು ಸರ್. ಯಾಕೆ ಸರ್?’

‘ಅವನು ಮಾಡಿದ ಕೆಲಸಕ್ಕೆ ಭಾರತ ಸರ್ಕಾರಕ್ಕೆ ನೋಟೀಸು ಬಂದಿದೆ ಕಣ್ರೀ. ದೆಹಲಿಯಿಂದ ಬರ್ತಾ ಇದಾರೆ. ಅವನನ್ನ ಕರ್ಕೊಂಡು ಮೈಸೂರಿಗೆ ಬನ್ನಿ.’

ಹೊಸಬರು ಇಲ್ಲಿ ಸ್ವಲ್ಪ ಗಮನ ಇಟ್ಟು ಓದಬೇಕು. ಬೇರೆ ಬೇರೆ ದೇಶಗಳ ಜೊತೆ ನಮ್ಮ ದೇಶ ಹೂಡಿಕೆ ರಕ್ಷಣೆಯ ಒಪ್ಪಂದ ಮಾಡಿಕೊಂಡಿತ್ತು. ನನಗೆ ಅದು ಗೊತ್ತಿರಲಿಲ್ಲ, ನನ್ನ ಮೇಲಿನವರಿಗೂ ಗೊತ್ತಿರಲಿಲ್ಲ. ಹಾಗೆ ಒಪ್ಪಂದ ಆದ ದೇಶದವನು ಇಲ್ಲಿ ಬಂಡವಾಳ ಹಾಕಿದರೆ ಅವನನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕು, ನಂಬಿಸಿ ಕೈಬಿಡಬಾರದು ಅಂತ ಅದರಲ್ಲಿದೆ. ಕೇಳುವುದಕ್ಕೆ ಚೆನ್ನಾಗಿಯೇ ಇದೆ. ಆದರೆ ಕೈಬಿಟ್ಟರು ಅಂತ ಅವನಿಗೆ ಅನ್ನಿಸಿದರೆ ಅವನು ಹುಣಸೂರಿನ ಕೋರ್ಟಿಗೆ ಬರಬೇಕಾಗಿಲ್ಲ, ಬೆಂಗಳೂರಿನ ಹೈಕೋರ್ಟಿಗೂ ಹೋಗಬೇಕಾಗಿಲ್ಲ. ನೇರವಾಗಿ ಹೊರದೇಶದಲ್ಲಿ ಮೂವರು ಪಂಚರನ್ನು ಕೂರಿಸಿ, ನಮ್ಮ ಸರ್ಕಾರದಿಂದ ನಷ್ಟ ವಸೂಲಿ ಮಾಡಬಹುದು. ಮುಂದೆ ಬರಬೇಕಿದ್ದ ಲಾಭವನ್ನೂ ಸೇರಿಸಿ ಕೇಳಬಹುದು. ತಪ್ಪು ಮಾಡಿದ್ದು ಪ್ರಧಾನಿಯೇ ಆಗಬೇಕಿಲ್ಲ, ಗ್ರಾಮ ಪಂಚಾಯ್ತಿ ಮಾಡಿದರೂ ದೇಶ ಮಾಡಿದ ಲೆಕ್ಕ. ನಮ್ಮ ಗ್ರಾಮ ಪಂಚಾಯ್ತಿಗೆ ಒಂದು ಬೀದಿದೀಪ ಹಾಕಿಸಲು ಹತ್ತು ಕಡೆ ಕೈಮುಗಿಯಬೇಕು. ಆದರೆ ಹೊರದೇಶದವನ ಮುಂದೆ ಅದೇ ಪಂಚಾಯ್ತಿ ಇಡೀ ಭಾರತ.

ಶಿವಮಲ್ಲಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಒಂದು ಚೀಲದಲ್ಲಿ ಬಾಳೆಹಣ್ಣು ಹಿಡಿದುಕೊಂಡು ಬಂದರು. ‘ಡೆಲ್ಲಿಯಿಂದ ಬತ್ತಾವ್ರೆ ಅಂತೀರಿ, ಬರಿ ಕೈಲಿ ಹೋಗಾದಾ?’ ಅಂದರು. ಚೀಲದ ಸಮೇತವೇ ಹೊರಟೆವು.

ದೊಡ್ಡ ಮೇಜು. ಒಂದು ಕಡೆ ದೆಹಲಿಯ ಅಧಿಕಾರಿ, ಬೆಂಗಳೂರಿನ ಇಬ್ಬರು, ನಮ್ಮ ಜಂಟಿ ನಿರ್ದೇಶಕರು. ಇನ್ನೊಂದು ಕಡೆ ಕಂಪನಿಯ ವಕೀಲ, ಮ್ಯಾನೇಜರು. ಮಾತುಕತೆಯಲ್ಲಿ ಬಗೆಹರಿಯುತ್ತದೋ ನೋಡೋಣ ಅಂತ ಸಭೆ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೇಳುವ ಕೆಲಸ ನನ್ನದು. ಮೂಲೆಯಲ್ಲಿ ಟಿ.ವಿ. ಇಟ್ಟಿದ್ದರು. ವಕೀಲ ಕ್ಯಾಸೆಟ್ ಹಾಕಿಸಿದ. ಗುದ್ದಲಿ ಪೂಜೆಯ ಶಾಮಿಯಾನ ಬಂತು, ಮೈಕಿನ ಮುಂದೆ ಶಿವಮಲ್ಲಪ್ಪ ಬಂದರು. ತಮ್ಮನ್ನೇ ಟಿ.ವಿ.ಯಲ್ಲಿ ನೋಡಿ ಅವರಿಗೆ ಖುಷಿಯಾಗಿ, ‘ನಾನೇಯ ಅದು’ ಅಂತ ಪಕ್ಕದವರಿಗೆ ಹೇಳಿದರು.

ಈ ಕೆರೆ ನಿಮ್ದು, ನೀರ್ಗೆ ಯಾವತ್ತೂ ಕೊರತೆ ಆಗಾಕೆ ಬುಡಾಕಿಲ್ಲ. ಅಲ್ಲಿಗೆ ವಕೀಲ ಕ್ಯಾಸೆಟ್ ನಿಲ್ಲಿಸಿದ. ಸರ್ಕಾರದ ಒಂದು ಅಂಗದ ಮುಖ್ಯಸ್ಥರು ಸಾರ್ವಜನಿಕವಾಗಿ ಕೊಟ್ಟ ಭರವಸೆ ಇದು, ಇದನ್ನು ನಂಬಿ ನನ್ನ ಕಕ್ಷಿದಾರರು ಬಂಡವಾಳ ಹಾಕಿದರು, ಆಮೇಲೆ ಅದೇ ಮುಖ್ಯಸ್ಥರು ನೀರು ನಿಲ್ಲಿಸಿದರು, ಸರಕು ಕೊಳೆಯಿತು, ಹೊರದೇಶದ ಗಿರಾಕಿಗಳು ತಪ್ಪಿಹೋದರು ಅಂದ. ಒಂದೊಂದು ಮಾತನ್ನೂ ನಾನು ಕನ್ನಡದಲ್ಲಿ ಹೇಳಬೇಕಿತ್ತು. ಹೇಳಿದೆ.

ದೆಹಲಿಯ ಅಧಿಕಾರಿ ವಯಸ್ಸಾದವರು, ಸುಸ್ತಾದ ಮುಖ. ನನ್ನನ್ನು ಹೊರಗೆ ವರಾಂಡಕ್ಕೆ ಕರೆದು, ‘ಅಧ್ಯಕ್ಷರಿಗೆ ಹೇಳಿ. ನನಗೆ ನೀರಿನ ಮೇಲೆ ಮಾತು ಕೊಡುವ ಅಧಿಕಾರ ಇರಲಿಲ್ಲ, ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ, ಅದಕ್ಕೆ ಅರ್ಥ ಇಲ್ಲ ಅಂತ ಅವರು ಹೇಳಿಬಿಟ್ಟರೆ ನಮಗೆ ಎಷ್ಟೋ ಅನುಕೂಲ’ ಅಂದರು.

ಶಿವಮಲ್ಲಪ್ಪನವರಿಗೆ ಹೇಳಿದೆ. ಅವರ ಮುಖ ಕೆಂಪಗಾಯಿತು.

‘ಅಂಗಂದ್ರೆ ನಾನು ಪೊಳ್ಳು ಮಾತಾಡ್ದೆ ಅನ್ಬೇಕಾ?’

‘ಪೊಳ್ಳು ಅಂತಲ್ಲ ಯಜಮಾನ್ರೇ. ಮರ್ಯಾದೆಗೆ ಆಡಿದ ಮಾತು ಅನ್ನಿ.’

‘ಮರ್ವಾದೆಗೆ ಆಡುದ್ ಮಾತೇನ್ ಮಾತಲ್ವಾ? ನೀರಿದ್ದಾಗ ಅವ್ರ್ಗೆ ಕೊರತೆ ಮಾಡಿಲ್ಲ. ಇಲ್ದಾಗ ಯಾರ್ಗೂ ಇಲ್ಲ. ಇದ್ರಲ್ಲಿ ಸುಳ್ಳೆಲ್ ಬಂತು? ಆಡಿಲ್ಲ ಅನ್ನಾಕಿಲ್ಲ ನಾನು.’

ನಾನು ಬೇಡಿಕೊಂಡೆ. ಇದು ನಿಮ್ಮ ಮಾನದ ಪ್ರಶ್ನೆ ಅಲ್ಲ, ಮರಿದೇವಮ್ಮನಂಥವರ ಒಟ್ಲಿನ ಪ್ರಶ್ನೆ ಅಂದೆ. ಅವರು ಒಳಗೆ ಹೋಗಿ ಕೂತು, ಈ ಮಾತು ಆಡಿದ್ದು ನೀವೇನಾ ಅಂತ ವಕೀಲ ಕೇಳಿದ್ದಕ್ಕೆ ಎದೆ ಎತ್ತಿ, ‘ಹೂಂ ಸ್ವಾಮಿ, ಅಂದಿವ್ನಿ. ಬಾಗ್ಲಿಗ್ ಬಂದೋರ್ಗೆ ನೀರಿಲ್ಲ ಅನ್ನಾಕಾಯ್ತದಾ?’ ಅಂದರು. ವಕೀಲನ ಮುಖ ಅರಳಿತು. ಆ ಮುಖಕ್ಕೆ ಅಲ್ಲೇ ಇದ್ದ ಲೋಟದ ನೀರು ಎರಚಬೇಕು ಅನ್ನಿಸಿದ್ದು ನಿಜ. ಶಿವಮಲ್ಲಪ್ಪನವರ ಮೇಲೂ ಸಿಟ್ಟು ಬಂತು. ಆದರೆ ಯೋಚನೆ ಮಾಡಿದರೆ, ಆ ಕೋಣೆಯಲ್ಲಿ ತಾನು ಆಡಿದ ಮಾತಿಗೆ ತಲೆ ಕೊಡಲು ತಯಾರಿದ್ದವರು ಅವರೊಬ್ಬರೇ.

ನಾನು ದುಭಾಷಿ, ಬಾಯಿ ಹಾಕುವ ಹಾಗಿರಲಿಲ್ಲ. ಹಾಕಿದೆ. ‘ಸರ್, ಕ್ಯಾಸೆಟ್ ಇನ್ನೂ ಇದೆ, ಮುಂದೆ ಓಡಿಸಿ’ ಅಂದೆ.

ವಕೀಲ ಬೇಡ ಅಂದ. ದೆಹಲಿಯವರು ಓಡಿಸಿ ಅಂದರು. ಪೇಟ ತೊಟ್ಟ ಡೈರೆಕ್ಟರ್ ಬಂದ. ಪ್ರತಿ ಮನೆಗೂ ಕಾಯಂ ಕೆಲಸ, ಆಸ್ಪತ್ರೆ, ಇದು ನನ್ನ ಮಾತು.

‘ಇದು ಭರವಸೆ ಅಲ್ವಾ?’ ಅಂತ ವಕೀಲನನ್ನೇ ಕೇಳಿದೆ.

‘ಅದು ಸಮಾರಂಭದ ಸೌಜನ್ಯ’ ಅಂದ. ನಾಚಿಕೆ ಇಲ್ಲದೆ, ಅದೇ ಉಸಿರಿನಲ್ಲಿ ಅಂದ.

‘ಹಾಗಾದ್ರೆ ಊರಿನವರೂ ಆ ಮೂವರು ಪಂಚರ ಹತ್ರ ಹೋಗಿ, ಕಂಪನಿ ನಂಬಿಸಿ ಕೈಬಿಡ್ತು ಅಂತ ಕೇಳಬಹುದಾ?’

ವಕೀಲ ದೆಹಲಿಯವರ ಕಡೆ ನೋಡಿದ. ದೆಹಲಿಯವರು ಮೇಜಿನ ಕಡೆ ನೋಡಿಕೊಂಡು, ‘ಇಲ್ಲಮ್ಮ. ಆ ಬಾಗಿಲು ಹೂಡಿಕೆದಾರರಿಗೆ ಮಾತ್ರ’ ಅಂದರು.

‘ಇದ್ಯಾವ ನ್ಯಾಯ ಸರ್?’ ಅಂದೆ. ನನ್ನ ದನಿ ಜೋರಾಗಿತ್ತಂತೆ, ಹೊರಗಿದ್ದ ಜವಾನ ಒಳಗೆ ಇಣುಕಿದ. ಜಂಟಿ ನಿರ್ದೇಶಕರು ‘ಕೂತ್ಕೊಳ್ರೀ, ನೀವು ಬೇರೆಯವರ ಮಾತು ಹೇಳೋಕೆ ಬಂದಿರೋದು, ಮಾತಾಡೋಕಲ್ಲ’ ಅಂದರು. ಕೂತೆ. ಶಿವಮಲ್ಲಪ್ಪ ನನ್ನ ಕಿವಿಯ ಹತ್ತಿರ, ‘ಏನಂತ್ರವ್ವ?’ ಅಂತ ಕೇಳಿದರು. ಹೇಳಿದೆ. ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಸಭೆ ಮುಗಿಯುವ ತನಕ ಬಾಳೆಹಣ್ಣಿನ ಚೀಲವನ್ನು ಯಾರಿಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು.

ಸಂಜೆ ದೆಹಲಿಯವರು ನನಗೆ ಒಂದಿಷ್ಟು ಬುದ್ಧಿ ಹೇಳಿದರು. ಕೆಟ್ಟವರಲ್ಲ ಅವರು. ‘ನೀವು ಹೇಳೋದು ನಿಜ. ಅಲ್ಲಿ ಹೋದರೆ ನಾವು ಗೆಲ್ಲಲೂಬಹುದು. ಆದರೆ ಅಲ್ಲಿಯ ವಕೀಲರ ಖರ್ಚಿನಲ್ಲಿ ಇಂಥ ಎಷ್ಟೋ ಕೆರೆ ಕಟ್ಟಬಹುದು. ಗೆದ್ದರೂ ಆ ಖರ್ಚು ಪೂರ್ತಿ ವಾಪಸು ಬರುತ್ತೆ ಅಂತಿಲ್ಲ. ಸೋತರೆ ನಾಳೆ ಇನ್ನೊಬ್ಬ ಬರುತ್ತಾನೆ. ಹೂಡಿಕೆಗೆ ಈ ದೇಶ ಸರಿಯಿಲ್ಲ ಅಂತ ಹೆಸರು ಬೀಳುತ್ತೆ. ಯಾರೂ ಒಂದು ಕೆರೆಗೋಸ್ಕರ ಅಷ್ಟು ದೂರ ಹೋಗಲ್ಲ’ ಅಂದರು. ನಾನು ಆಗ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಕಂಪನಿಯವರಿಗೆ ಗೆಲ್ಲುವುದೇ ಬೇಕಾಗಿರಲಿಲ್ಲ, ಹೆದರಿಸಿದರೆ ಸಾಕಾಗಿತ್ತು. ನಾವು ಹೆದರಿದೆವು. ನೋಟೀಸು ಕಳಿಸಿದ ಖರ್ಚಿನಲ್ಲಿ ಒಂದು ಇಡೀ ಕೆರೆ ಬಂತು ಅವರಿಗೆ.

ರಾಜಿಯಾಯಿತು. ಕೆರೆಯನ್ನು ಪಂಚಾಯ್ತಿಯಿಂದ ತೆಗೆದು ನೀರಾವರಿ ಇಲಾಖೆಗೆ ಕೊಟ್ಟರು. ಕಾರ್ಖಾನೆಗೆ ವರ್ಷಪೂರ್ತಿ ನೀರು ಅಂತ ಬರೆದುಕೊಟ್ಟರು, ಮಿಕ್ಕಿದರೆ ಗದ್ದೆಗೆ. ತೂಬಿನ ಬೀಗ ವಹಿಸಿಕೊಡುವ ದಿನ ನಾನೂ ಹೋಗಿದ್ದೆ. ಶಿವಮಲ್ಲಪ್ಪ ಇಂಜಿನಿಯರ ಕೈಗೆ ಬೀಗದ ಕೈ ಕೊಟ್ಟು, ನನ್ನ ಕಡೆ ತಿರುಗಿದರು.

‘ಮೇಡಮ್ನೋರೆ, ಇನ್ಮೇಲೆ ಯಾರಾರ ಮನೆಗ್ ಬಂದ್ರೆ ಕುಂತ್ಕಳಿ ಅನ್ನಾಕೂ ವಕೀಲ್ರುನ್ನ ಕೇಳ್ಬೇಕಾ?’

ಅವರು ತಮಾಷೆಗೆ ಕೇಳಿರಲಿಲ್ಲ. ಮುಂದಿನ ಚುನಾವಣೆಗೆ ನಿಲ್ಲಲಿಲ್ಲ. ಊರಿನ ಕೆಲವರು ಅವರ ಮುಖದ ಮೇಲೇ ‘ನಿನ್ ಬಾಯಿಂದ ಕೆರೆ ಹೋಯ್ತು’ ಅಂದರಂತೆ. ಅವರು ಅದಕ್ಕೂ ಇಲ್ಲ ಅನ್ನಲಿಲ್ಲವಂತೆ. ಅವರ ಬಾಯಿಂದ ಹೋಗಲಿಲ್ಲ, ನಾನು ಹೇಳುತ್ತೇನೆ. ಒಬ್ಬನ ಸೌಜನ್ಯವನ್ನು ಕರಾರು ಅಂತಲೂ ಇನ್ನೊಬ್ಬನ ಕರಾರನ್ನು ಸೌಜನ್ಯ ಅಂತಲೂ ಓದುವ ಕಾನೂನಿಗೆ ನಮ್ಮ ಹೆಸರಿನಲ್ಲಿ ಯಾರೋ ಸಹಿ ಹಾಕಿದ್ದರು, ಅದರಿಂದ ಹೋಯಿತು. ಸಹಿ ಹಾಕುವ ಮುಂಚೆ ಒಂದು ಪಂಚಾಯ್ತಿಯನ್ನೂ ಕೇಳಿರಲಿಲ್ಲ.

ಜಂಟಿ ನಿರ್ದೇಶಕರು ಆಮೇಲೆ ಒಂದು ಸುತ್ತೋಲೆ ಹೊರಡಿಸಿದರು. ವಿದೇಶಿ ಹೂಡಿಕೆದಾರರ ಸಮಾರಂಭದಲ್ಲಿ ಸ್ಥಳೀಯರು ಭಾಷಣ ಮಾಡಬಾರದು, ಹಾರ ಹಾಕಿ ಇಳಿಯಬೇಕು ಅಂತ. ಅವರ ಮಟ್ಟಿಗೆ ಅಲ್ಲಿಗೆ ಸಮಸ್ಯೆ ಬಗೆಹರಿಯಿತು. ಹೊಸಬರೇ, ನಿಮಗೂ ಇಂಥ ಮೇಲಧಿಕಾರಿ ಸಿಗುತ್ತಾರೆ. ಎದುರು ಮಾತಾಡಿದರೆ ಏನೂ ಬದಲಾಗುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಆದರೂ ಆಡಿ. ನನ್ನ ಇಡೀ ಕೆಲಸದ ಕಾಲದಲ್ಲಿ ನಾನು ನೆನೆಸಿಕೊಂಡು ನೆಮ್ಮದಿ ಪಡುವುದು, ಕೂತ್ಕೊಳ್ರೀ ಅನ್ನಿಸಿಕೊಂಡ ಆ ಒಂದು ದಿನವನ್ನೇ.

ನಿವೃತ್ತಿಗೆ ಸ್ವಲ್ಪ ಮುಂಚೆ, ಕಾರ್ಖಾನೆಯಲ್ಲಿ ಯಾವುದೋ ಪರಿಶೀಲನೆ ಅಂತ ಮತ್ತೆ ಆ ಊರಿಗೆ ಹೋದೆ. ತೊಳೆಯುವ ಶೆಡ್ಡಿನಲ್ಲಿ ಹೆಂಗಸರು ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು, ಉದ್ದದ ತೊಟ್ಟಿಯ ಎರಡೂ ಕಡೆ ನಿಂತು ಮಿಡಿಸೌತೆ ತೊಳೆಯುತ್ತಿದ್ದರು. ಒಬ್ಬಳು ‘ಮೇಡಮ್ನೋರೆ’ ಅಂತ ಕರೆದಳು. ಟೋಪಿಯ ಕೆಳಗೆ ಗುರುತು ಸಿಗಲಿಲ್ಲ. ಮರಿದೇವಮ್ಮ.

‘ಗದ್ದೆ?’ ಅಂದೆ.

‘ಒಟ್ಲು ಬುಟ್ಟಾಗಿಂದ ಬೀಳ್ ಬಿದ್ದದೆ. ದಿನಗೂಲಿ ಇಲ್ಲೇ. ಕಂಟ್ರಾಕ್ಟ್ರು ಸಿಡುಕ, ಆದ್ರೂ ವಾರಕ್ಕೊಂದ್ಸಲ ಬಟವಾಡೆ ಮಾಡ್ತಾನೆ’ ಅಂದಳು. ಕೈ ಮಾತ್ರ ನಿಲ್ಲಿಸಲಿಲ್ಲ, ತೊಟ್ಟಿಯಲ್ಲೇ ಆಡುತ್ತಿತ್ತು. ಬೆರಳೆಲ್ಲ ನೆನೆದು ಬೆಳ್ಳಗಾಗಿದ್ದವು. ‘ನಮ್ ಕೆರೆ ನೀರೇ ಕಣ್ರವ್ವ ಇದು’ ಅಂದಳು, ಯಾವ ಬೇಜಾರೂ ಇಲ್ಲದೆ.

 ಏನಾದರೂ ಸಹಾಯ ಬೇಕಾ ಅಂತ ಕೇಳಿದೆ. ಅವಳು ಆಚೆ ಈಚೆ ನೋಡಿ, ತೊಟ್ಟಿಯ ಈ ಕಡೆಗೆ ಬಗ್ಗಿದಳು.

‘ನಿಮ್ಗೆ ಮೈಸೂರ್ ಸಾಹೇಬ್ರು ಗೊತ್ತಿರ್ತಾರೆ. ಈ ಸಲ ಮಳೆ ಇನ್ನೂ ಬಂದಿಲ್ಲ, ಕೆರೆ ತಳ ಕಾಣ್ತಾದೆ. ಇರಾ ನೀರ ಗದ್ದೆಗೆ ಬುಡಿ ಅಂತ ಇನ್ನೂ ಬೇಸಾಯ ಮಾಡಾ ಮೇಲಿನ್ ಬೀದಿಯೋರು ಗಲಾಟೆ ಮಾಡ್ತಾವ್ರೆ. ಅವ್ರ್ ಮಾತ ಕೇಳ್ಬ್ಯಾಡಿ ಅಂತ ಯೋಳಿ. ಫ್ಯಾಕ್ಟ್ರಿಗೇ ಬುಡ್ಸಿ ಮೇಡಮ್ನೋರೆ. ಇದು ನಿಂತೋದ್ರೆ ಮೊದ್ಲು ತೆಗೆಯಾದು ನಮ್ಮನ್ನೇಯ.’

ಕಾರಿಗೆ ಅಡ್ಡ ನಿಂತ ಹೆಂಗಸು ಇವಳೇ.  ‘ಹೇಳ್ತೀನಿ’ ಅಂದೆ. ಮಾರನೆಯ ದಿನ ಮೈಸೂರಿನ ನೀರಾವರಿ ಸಾಹೇಬರಿಗೆ ಫೋನು ಮಾಡಿ, ಇರುವ ನೀರನ್ನು ಕಾರ್ಖಾನೆಗೇ ಬಿಡಿಸಿ ಸರ್ ಅಂತ ನಾನೇ ಕೇಳಿಕೊಂಡೆ.